ಮಾತಾಡುವ ಕನ್ನಡಕ

ನಾವು ಕನ್ನಡಕ ಯಾಕೆ ಹಾಕುತ್ತೇವೆ? ಕಣ್ಣು ಮಂಜಾದರೆ ಸರಿಯಾಗಿ ಕಾಣಲಿ ಅಂತ. ಹಾಗಾದರೆ ದೃಷ್ಟಿಯೇ ಇಲ್ಲದವರಿಗೆ ಕನ್ನಡಕದಿಂದ ಏನು ಪ್ರಯೋಜನ?

ಪ್ರಯೋಜನ ಇದೆ. ಅಂಥವರಿಗಾಗಿಯೇ ಈಗ ಬೇರೆ ತರದ ಕನ್ನಡಕ ಬಂದಿದೆ. ಅದು ದೃಷ್ಟಿ ಕೊಡುವುದಿಲ್ಲ. ಎದುರಿಗೆ ಏನಿದೆ ಎಂದು ಕಿವಿಗೆ ಹೇಳುತ್ತದೆ. ನಮ್ಮ ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ಎಂಬ ಕಂಪನಿಯೂ ಇಂಥ ಕನ್ನಡಕ ತಯಾರಿಸಿದೆ. ಅದರ ಹೆಸರು ‘ಸ್ಮಾರ್ಟ್ ವಿಷನ್ ಗ್ಲಾಸಸ್’.

ಇದು ಕೆಲಸ ಮಾಡುವುದು ಹೇಗೆ?

ಕನ್ನಡಕದಲ್ಲಿ ಒಂದು ಸಣ್ಣ ಕ್ಯಾಮರಾ ಇದೆ. ಅದು ಎದುರಿನ ಚಿತ್ರ ತೆಗೆಯುತ್ತದೆ. ಚಿತ್ರ ಮೊಬೈಲಿಗೆ ಹೋಗುತ್ತದೆ. ಅದರಲ್ಲಿ ಏನಿದೆ ಎಂದು ಕಂಪ್ಯೂಟರ್ ಗುರುತಿಸುತ್ತದೆ. ಆಮೇಲೆ ಮಾತಿನಲ್ಲಿ ಹೇಳುತ್ತದೆ.

ಕಂಪ್ಯೂಟರಿಗೆ ಗುರುತು ಸಿಗುವುದು ಹೇಗೆ? “ಇದು ದನ, ಇದು ನಾಯಿ” ಎಂದು ನಾವು ಮಗುವಿಗೆ ಮತ್ತೆ ಮತ್ತೆ ತೋರಿಸುತ್ತೇವಲ್ಲ? ಹಾಗೆಯೇ ಅದಕ್ಕೂ ಲಕ್ಷಗಟ್ಟಲೆ ಚಿತ್ರ ತೋರಿಸಿ ಕಲಿಸಿದ್ದಾರೆ. ಮನೆಯವರ ಮುಖವನ್ನೂ ಹೆಸರನ್ನೂ ಮೊದಲೇ ತಿಳಿಸಿಟ್ಟರೆ, ಎದುರಿಗೆ ಬಂದವರು ಯಾರು ಎಂದೂ ಹೇಳುತ್ತದೆ.

ಇದು ಪುಸ್ತಕ, ಕಾಗದವನ್ನೂ ಓದಿ ಹೇಳುತ್ತದೆ. ಇದು ಎಷ್ಟು ದೊಡ್ಡ ಸಂಗತಿ ಎಂದು ನಿಮಗೆ ಗೊತ್ತು. ಅಕ್ಷರ ಕಲಿಯುವ ಮೊದಲು ನಿಮ್ಮ ಮನೆಯ ಕಾಗದ ಓದುತ್ತಿದ್ದವರು ಯಾರು? ಬೇರೆಯವರು. ಮನೆಯ ಗುಟ್ಟು ಅವರಿಗೇ ಮೊದಲು ತಿಳಿಯುತ್ತಿತ್ತು. ಕಣ್ಣು ಕಾಣದವರ ಪಾಡೂ ಅದೇ. ತನ್ನ ಕಾಗದವನ್ನು ತಾನೇ ತಿಳಿಯಬೇಕು ಎಂಬ ಆಸೆ ಅವರಿಗೂ ಇದೆ.

ನಡೆಯಲು ಬಿಳಿ ಕೋಲು ಇದೆ. ಅದು ನೆಲದ ಕಲ್ಲು, ಹೊಂಡ ತಿಳಿಸುತ್ತದೆ. ಆದರೆ ತಲೆಗೆ ತಾಗುವ ಕೊಂಬೆಯನ್ನು ತಿಳಿಸುವುದಿಲ್ಲ. ಅದಕ್ಕಾಗಿ ದೆಹಲಿಯ ಐಐಟಿಯವರು 2014ರಲ್ಲಿ ‘ಸ್ಮಾರ್ಟ್ ಕೇನ್’ ಎಂಬ ಸಾಧನ ಹೊರತಂದರು. ಅದನ್ನು ಕೋಲಿಗೆ ಸಿಕ್ಕಿಸುತ್ತಾರೆ. ಅದು ಬಾವಲಿಯ ಹಾಗೆ ನಮಗೆ ಕೇಳಿಸದ ಶಬ್ದ ಕಳಿಸುತ್ತದೆ. ಶಬ್ದ ತಾಗಿ ಹಿಂದೆ ಬಂದರೆ ಕೋಲಿನ ಹಿಡಿ ನಡುಗುತ್ತದೆ. ಎದುರಿಗೆ ಏನೋ ಅಡ್ಡ ಇದೆ ಎಂದು ಅರ್ಥ. ಅಡ್ಡ ಇರುವುದನ್ನು ತಿಳಿಸುವ ಕೆಲಸವನ್ನು ಈಗ ಕನ್ನಡಕವೂ ಮಾಡುತ್ತದೆ.

ಹಾಗಂತ ಕೋಲು ಬಿಡಬಹುದೇ? ಬಿಡಬಾರದು. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳ ದಾರಿ ನೋಡಿ. ತೋಟದ ನಡುವೆ ಮನೆ. ತೋಡಿಗೆ ಅಡಿಕೆ ಮರದ ಸಂಕ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಜೋರು ಮಳೆಯಲ್ಲಿ, ಕತ್ತಲೆಯಲ್ಲಿ ಕ್ಯಾಮರಾ ತಪ್ಪಬಹುದು. ನೆಟ್‌ವರ್ಕ್ ಇಲ್ಲದ ಕಡೆ ಕೆಲವು ಕೆಲಸ ನಿಂತೇಹೋಗಬಹುದು. ಬೆಲೆಯೂ ಸಾವಿರಾರು ರೂಪಾಯಿ.

ಕೊಳ್ಳುವ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆಯಿಂದ ಕಣ್ಣು ಮಂಜಾಗಿದ್ದರೆ ಆಪರೇಶನ್ ಮಾಡಿಸಿ ದೃಷ್ಟಿ ಪಡೆಯಬಹುದು. ಅಂಥವರಿಗೆ ಈ ಕನ್ನಡಕ ಬೇಡ.

ಕನ್ನಡಕ ಬಂದರೂ ನಮ್ಮ ಕೆಲಸ ಮುಗಿಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಕೋಲು ಹಿಡಿದವರು ಕಂಡರೆ, “ಅಣ್ಣಾ, ಇದು ಸುಬ್ರಹ್ಮಣ್ಯದ ಬಸ್ಸು” ಎಂದು ಹೇಳಿ. ಕೈ ಹಿಡಿದು ಎಳೆಯಬೇಡಿ. “ಸಹಾಯ ಬೇಕಾ?” ಎಂದು ಕೇಳಿ. ಬೇಕು ಎಂದರೆ ನಿಮ್ಮ ಮೊಣಕೈ ಕೊಡಿ. ಅವರು ಹಿಡಿದುಕೊಂಡು ಬರುತ್ತಾರೆ.

ಯೋಚಿಸಿ ಹೇಳಿ:
1. ಕನ್ನಡಕ ಇದ್ದರೂ ಕೋಲು ಯಾಕೆ ಬೇಕು?
2. ಕಣ್ಣು ಕಾಣದವರು ನಡೆಯಲು ನಿಮ್ಮ ಊರಿನ ದಾರಿಯಲ್ಲಿ ಏನೇನು ಸರಿ ಮಾಡಬೇಕು?