ಮುಳುಗಿದ್ದು ಮೇಲೆ ಬಂದಾಗ

ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳಲ್ಲಿ, ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೆಂದು ತಾಳಗುಪ್ಪದ ರೈಲು ಹತ್ತಿದಾಗ ನನ್ನ ಚೀಲದಲ್ಲಿ ನನ್ನ ವಯಸ್ಸಿಗೆ ಒಪ್ಪದ ಒಂದು ಪುಸ್ತಕವಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ತಂಗಿಯ ಮಗ ನಿಲ್ದಾಣದಲ್ಲಿ ಅದನ್ನು ಕೈಗಿತ್ತು, "ಮಾವ, ದೀಪ ಆರಿಸಿದ ಮೇಲೆ ಓದಬೇಡಿ" ಎಂದು ನಕ್ಕಿದ್ದ. ಅದು ಜಪಾನಿನ ಚಿತ್ರಕಥೆ. ಅಲ್ಲಿಯವರ ಮಾತಿನಲ್ಲಿ ಮಾಂಗಾ. ಬಲದಿಂದ ಎಡಕ್ಕೆ ಓದಬೇಕು. ನಮ್ಮ ಕೊನೆಯ ಪುಟವೇ ಅದರ ಮೊದಲ ಪುಟ. ಸರ್ಕಾರಿ ಕಡತಗಳನ್ನು ಹಿಂದಿನಿಂದ ಮುಂದಕ್ಕೆ ಓದಿ ಮೂರು ದಶಕ ಕಳೆದವನಿಗೆ ಅದೇನೂ ಕಷ್ಟವಾಗಲಿಲ್ಲ. ಬೆಳಿಗ್ಗೆ ಸಾಗರದಲ್ಲಿ ಇಳಿಯುವಾಗ ಪುಸ್ತಕ ಮುಗಿದಿತ್ತು. ಭಯ ಮಾತ್ರ ಅದಕ್ಕೂ ಬಹಳ ಮೊದಲೇ ಮುಗಿದುಹೋಗಿತ್ತು.

ಪುಸ್ತಕದ ಹೆಸರು 'ಗ್ಯೊ', ಎಂದರೆ ಮೀನು. ಬರೆದು ಚಿತ್ರಿಸಿದವರು ಜುಂಜಿ ಇಟೊ. 1963ರಲ್ಲಿ ಹುಟ್ಟಿದ ಇವರು ಮೊದಲು ಕೃತಕ ದಂತ ತಯಾರಿಸುವ ತಂತ್ರಜ್ಞರಾಗಿದ್ದವರು. 1987ರಲ್ಲಿ 'ತೋಮಿಯೆ' ಎಂಬ ಕಥೆಯಿಂದ ಪರಿಚಿತರಾಗಿ, ಇಂದು ಭಯಾನಕ ಮಾಂಗಾ ಎಂದೊಡನೆ ಜಗತ್ತಿನಾದ್ಯಂತ ಮೊದಲು ನೆನಪಾಗುವ ಹೆಸರಾಗಿದ್ದಾರೆ. 'ಗ್ಯೊ' 2001-02ರಲ್ಲಿ ಅಲ್ಲಿಯ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು ಬಳಿಕ ಎರಡು ಸಂಪುಟಗಳಾಯಿತು. ನಮ್ಮ ಮಹಾನಗರದ ಪುಸ್ತಕದಂಗಡಿಗಳಲ್ಲಿ ಈಗ ಇಂಥ ಪುಸ್ತಕಗಳಿಗೆ ಪ್ರತ್ಯೇಕ ಕಪಾಟುಗಳೇ ಇವೆ. ಕಾಲೇಜು ಹುಡುಗರು ಅವುಗಳ ಮುಂದೆ ನಿಂತೇ ಓದಿ ಮುಗಿಸುವುದನ್ನು ಕಂಡಿದ್ದೇನೆ. ಆದ್ದರಿಂದ ನಮ್ಮ ಪೀಳಿಗೆಯವರು ಇವನ್ನು ಮಕ್ಕಳಾಟಿಕೆಯೆಂದು ಬದಿಗೆ ಸರಿಸುವಂತಿಲ್ಲ.

ಕಥೆಯ ಆರಂಭ ನಿಜಕ್ಕೂ ಸೊಗಸಾಗಿದೆ. ತದಾಶಿ ಎಂಬ ಯುವಕ ಮತ್ತು ಅವನ ಗೆಳತಿ ಕಾವೊರಿ ರಜೆ ಕಳೆಯಲು ಓಕಿನಾವಾ ದ್ವೀಪಕ್ಕೆ ಬಂದಿದ್ದಾರೆ. ಅವಳ ಮೂಗು ಬಹು ಸೂಕ್ಷ್ಮ. ಮನೆಯೊಳಗೆ ಎಲ್ಲಿಂದಲೋ ಕೊಳೆತ ವಾಸನೆ ಬರುತ್ತದೆ, ಮೂಲ ಸಿಕ್ಕುವುದಿಲ್ಲ. ಹುಡುಕಿದಾಗ ಕಾಣುವುದು ಒಂದು ಮೀನು. ಅದಕ್ಕೆ ಕೀಟಕ್ಕಿರುವಂಥ ಚೂಪಾದ ಕಾಲುಗಳಿವೆ. ಅದು ನೆಲದ ಮೇಲೆ ಓಡುತ್ತಿದೆ. ಸತ್ತ ಮೀನು, ನಡೆಯುವ ಕಾಲು, ತಡೆಯಲಾರದ ನಾತ. ಮಲೆನಾಡಿನ ಮಳೆಗಾಲದಲ್ಲಿ ಅಟ್ಟದ ಮೇಲೆ ಏನೋ ಸತ್ತಿದೆಯೆಂದು ಮೂಗು ಹೇಳಿದರೂ ಕಣ್ಣಿಗೆ ಕಾಣದ ದಿನಗಳನ್ನು ಬಲ್ಲವರಿಗೆ ಈ ಭಯವನ್ನು ಯಾರೂ ವಿವರಿಸಬೇಕಿಲ್ಲ.

ಈ ಕಾಲುಗಳು ಎಲ್ಲಿಂದ ಬಂದವು ಎಂಬುದಕ್ಕೆ ಲೇಖಕರು ಕೊಡುವ ಕಾರಣ ಇನ್ನೂ ಗಂಭೀರವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೇನೆ ಗುಟ್ಟಾಗಿ ಒಂದು ಅಸ್ತ್ರವನ್ನು ರೂಪಿಸಿತ್ತು. ರೋಗಾಣುವೊಂದು ದೇಹವನ್ನು ಕೊಳೆಸುತ್ತದೆ. ಕೊಳೆತ ದೇಹದ ಅನಿಲವೇ ಕಾಲುಗಳ ಯಂತ್ರವನ್ನು ನಡೆಸುತ್ತದೆ. ಆ ಯಂತ್ರಗಳಿದ್ದ ಹಡಗು ಸಮುದ್ರದಲ್ಲಿ ಮುಳುಗಿತು. ಅರ್ಧ ಶತಮಾನದ ತರುವಾಯ, ಮುಳುಗಿದ್ದು ತಾನೇ ನಡೆದು ದಡಕ್ಕೆ ಬಂದಿದೆ. ಬಂದು ತಲಪಿದ ದಡ ಓಕಿನಾವಾ. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಕಾಳಗದಲ್ಲಿ ಹತ್ತಾರು ಸಾವಿರ ನಾಗರಿಕರು ಸತ್ತ ನೆಲ. ತಂದೆಯ ತಲೆಮಾರು ಮುಚ್ಚಿಟ್ಟದ್ದರ ನಾತ ಮಕ್ಕಳ ಮೂಗಿಗೆ ಬಡಿಯುತ್ತದೆ. ಒಂದು ದೊಡ್ಡ ಕೃತಿಗೆ ಇದಕ್ಕಿಂತ ಹೆಚ್ಚಿನ ಮೂಲಧನ ಬೇಕೆ?

ಆದರೆ ಮೂಲಧನವಿದ್ದ ಮಾತ್ರಕ್ಕೆ ಉದ್ಯಮ ಗೆಲ್ಲುವುದಿಲ್ಲ. ಒಂದು ಮೀನು ಬಂದ ಮೇಲೆ ನೂರು ಮೀನು ಬರುತ್ತವೆ. ಬಳಿಕ ಕಾಲುಳ್ಳ ಶಾರ್ಕ್ ಮನೆಗೇ ನುಗ್ಗುತ್ತದೆ. ಟೋಕಿಯೊ ನಗರವೇ ಜಲಚರಗಳಿಂದ ತುಂಬುತ್ತದೆ. ಮುಂದೆ ಮನುಷ್ಯರೇ ಉಬ್ಬಿ, ಕೊಳೆತು, ಯಂತ್ರಗಳ ಮೇಲೇರುತ್ತಾರೆ. ಒಂದು ಸರ್ಕಸ್ಸೂ ಬಂದು ಹೋಗುತ್ತದೆ. ಯುದ್ಧದ ವಿಷಯವನ್ನು ಪಾತ್ರವೊಂದು ಕೆಲವೇ ಪುಟಗಳಲ್ಲಿ ಭಾಷಣದಂತೆ ಹೇಳಿ ಮುಗಿಸಿದ ಮೇಲೆ ಅದನ್ನು ಯಾರೂ ಮತ್ತೆ ಕೇಳುವುದಿಲ್ಲ. ಅದನ್ನು ಮಾಡಿದವರು ಯಾರು, ತಿಳಿದೂ ಸುಮ್ಮನಿದ್ದವರು ಯಾರು, ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಕಾವೊರಿಯಂತೂ ಆರಂಭದಿಂದಲೂ ಕಿರುಚುವುದಕ್ಕೆ ಮತ್ತು ಕೊಳೆಯುವುದಕ್ಕೆ ಮಾತ್ರ ಇರುವ ಪಾತ್ರ. ಪ್ರತಿ ಚಿತ್ರದ ರೇಖೆಗಾರಿಕೆ ಅದ್ಭುತವಾಗಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಕಥೆ ನಡೆಯುವುದಿಲ್ಲ, ಬರೀ ಊದಿಕೊಳ್ಳುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಕಲಿಸುತ್ತಾರೆ. ಹಸಿದವನಿಗೆ ಮೊದಲ ರೊಟ್ಟಿ ಕೊಡುವ ತೃಪ್ತಿಯನ್ನು ಐದನೆಯದು ಕೊಡುವುದಿಲ್ಲ. ಭಯಕ್ಕೂ ಈ ನಿಯಮ ಅನ್ವಯಿಸುತ್ತದೆ. ಮನೆಯೊಳಗಿನ ಒಂದು ಮೀನು ಹುಟ್ಟಿಸಿದ ಭಯವನ್ನು ನಗರವನ್ನು ತುಂಬಿದ ಲಕ್ಷ ಮೀನುಗಳು ಹುಟ್ಟಿಸಲಾರವು. ನೋಟುಗಳನ್ನು ಬೇಕಾಬಿಟ್ಟಿ ಅಚ್ಚು ಮಾಡಿದರೆ ಹಣದ ಬೆಲೆ ಹೇಗೆ ಕುಸಿಯುವುದೋ ಹಾಗೆಯೇ ಪುಟಕ್ಕೊಂದು ಹೆಣ ಬಂದರೆ ಹೆಣದ ಬೆಲೆಯೂ ಕುಸಿಯುತ್ತದೆ.

ಇದು ಲೇಖಕರ ಶಕ್ತಿಯ ಕೊರತೆಯಲ್ಲ ಎಂಬುದಕ್ಕೆ ಸಾಕ್ಷಿ ಅದೇ ಪುಸ್ತಕದ ಕೊನೆಯಲ್ಲಿದೆ. ಅಲ್ಲಿ ಅನುಬಂಧವೆಂಬಂತೆ ಒಂದು ಸಣ್ಣ ಕಥೆಯನ್ನು ಸೇರಿಸಿದ್ದಾರೆ. ಭೂಕಂಪದಿಂದ ಬಿರುಕು ಬಿಟ್ಟ ಬೆಟ್ಟದಲ್ಲಿ ಮನುಷ್ಯಾಕಾರದ ಸಾವಿರಾರು ಬಿಲಗಳು ಕಾಣಿಸಿಕೊಳ್ಳುತ್ತವೆ. ನೋಡಲು ಬಂದವರಲ್ಲಿ ಕೆಲವರಿಗೆ ತಮ್ಮದೇ ಅಳತೆಯ ಬಿಲ ಕಾಣುತ್ತದೆ. ಅದರೊಳಗೆ ಹೋಗದೆ ಅವರಿಂದ ಇರಲಾಗುವುದಿಲ್ಲ. ಕೆಲವೇ ಹತ್ತು ಪುಟಗಳು. ಬಿಲಗಳನ್ನು ಕೊರೆದವರಾರು, ಏಕೆ ಎಂಬುದನ್ನು ಲೇಖಕರು ಬಿಡಿಸಿ ಹೇಳುವುದಿಲ್ಲ. ರೈಲಿನಲ್ಲಿ ನನ್ನನ್ನು ನಿಜವಾಗಿ ಎಚ್ಚರವಾಗಿರಿಸಿದ್ದು ಈ ಕಥೆಯೇ. ಒಂದೇ ರಟ್ಟಿನ ನಡುವೆ ಒಬ್ಬರೇ ಕಲಾವಿದರ ಸೋಲೂ ಗೆಲುವೂ ಹೀಗೆ ಅಕ್ಕಪಕ್ಕ ಸಿಕ್ಕುವುದು ಅಪರೂಪ.

ಈ ವಿಚಾರವನ್ನು ಹೆಗ್ಗೋಡಿಗೆ ಕೊಂಡೊಯ್ದದ್ದು ಅಪ್ರಸ್ತುತವೆಂದು ನನಗೆ ಅನ್ನಿಸಲಿಲ್ಲ. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿದ ಊರು ಅದು. ಕುರೊಸಾವಾ ಅವರ 'ರಾಶೊಮೊನ್' ಚಿತ್ರವನ್ನು ಅಡಿಕೆ ತೋಟದವರೂ ಕೂಲಿಯವರೂ ಒಟ್ಟಿಗೆ ಕುಳಿತು ನೋಡಿ ಚರ್ಚಿಸಿದ ಊರು. ಆ ಚಿತ್ರದಲ್ಲಿ ಸತ್ತವನು ಮೈದುಂಬಿದ ಹೆಂಗಸಿನ ಬಾಯಿಂದ ಸಾಕ್ಷಿ ನುಡಿಯುತ್ತಾನೆ. ಮೈಮೇಲೆ ದೈವ ಬರುವುದನ್ನು ಕಂಡ ನಮ್ಮ ಜನಕ್ಕೆ ಅದು ಪರದೇಶದ ಸಂಗತಿಯೆನಿಸಿರಲಾರದು. ಶಿಬಿರದಲ್ಲಿ ಹಿಂದಿನ ಸಂಜೆಯ ನಾಟಕವನ್ನು ಮರುದಿನ ಬೆಳಿಗ್ಗೆ ಕುಳಿತು ಚರ್ಚಿಸುವ ಪದ್ಧತಿ. ವಸ್ತು ಚೆನ್ನಾಗಿತ್ತು, ಪ್ರಯೋಗ ಸೋತಿತು ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ಮಾತಿನ ಎದುರು ಕುಳಿತಾಗ ನನಗೆ 'ಗ್ಯೊ' ನೆನಪಾಯಿತು. ಅದರ ಹಿಂದೆಯೇ, ಆ ಊರಿನಿಂದ ಬಹಳ ದೂರವಿಲ್ಲದ ಶರಾವತಿಯ ಹಿನ್ನೀರೂ ನೆನಪಾಯಿತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಗದ್ದೆ ತೋಟಗಳು, ಗುಡಿಗಳು ನೀರಿನಡಿ ಸೇರಿದವು. ನಾಡಿಗೆ ಬೆಳಕು ಬಂತು. ಆ ಬೆಳಕಿನಲ್ಲಿ ಓದಿ ನೌಕರಿ ಹಿಡಿದವರಲ್ಲಿ ನಾನೂ ಒಬ್ಬ. ಯೋಜನೆಯನ್ನು ಹಳಿಯುವ ನೈತಿಕ ಅಧಿಕಾರ ನನಗಿಲ್ಲ. ಮಡೆನೂರಿನಲ್ಲಿ 1948ರ ಹೊತ್ತಿಗೆ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬಿರುಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ಅದು ಇಡಿಯಾಗಿ ಮೇಲೆ ಕಾಣಿಸಿಕೊಳ್ಳುತ್ತದೆ. ಜನ ಹೋಗಿ ನೋಡಿ, ಫೋಟೊ ತೆಗೆದುಕೊಂಡು ಬರುತ್ತಾರೆ. ಮುಳುಗಿದ್ದು ಮೇಲೆ ಬರುವ ಕಥೆಗೆ ಓಕಿನಾವಾದವರೆಗೆ ಹೋಗಬೇಕಿಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ಸೇವೆಯ ಆರಂಭದ ವರ್ಷಗಳಲ್ಲಿ, ಮಲೆನಾಡಿನ ಕಚೇರಿಯೊಂದರಲ್ಲಿ, ವಯಸ್ಸಾದ ರೈತರೊಬ್ಬರು ಅರ್ಜಿ ಹಿಡಿದು ಬಂದರು. ವಾಸಸ್ಥಳದ ಅಂಕಣದಲ್ಲಿ ಮುಳುಗಿಹೋದ ತಮ್ಮ ಊರಿನ ಹೆಸರನ್ನೇ ಬರೆದಿದ್ದರು. ಗುಮಾಸ್ತರು ಪಟ್ಟಿ ನೋಡಿ, "ಸಾರ್, ಇದು ಬೇಚರಾಕ್ ಗ್ರಾಮ" ಎಂದರು. ಜನವಸತಿಯಿಲ್ಲದ ಗ್ರಾಮಕ್ಕೆ ಕಂದಾಯ ಇಲಾಖೆಯ ಹಳೆಯ ಪದವದು, ಪಾರಸಿಯಿಂದ ಬಂದದ್ದು, ದೀಪವಿಲ್ಲದ್ದು ಎಂದು ಅದರ ಮೂಲಾರ್ಥ. ಈಗಿನ ವಿಳಾಸ ಬರೆಯಿರಿ ಎಂದು ನಾನು ಅರ್ಜಿಯನ್ನು ಹಿಂದಿರುಗಿಸಿದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು, "ಅಲ್ಲಿ ಇದ್ದದ್ದು ನಾವೇ ಸ್ವಾಮಿ" ಎಂದು ಹೇಳಿ ಹೊರಟುಹೋದರು. ಮತ್ತೆ ಬರಲಿಲ್ಲ. ನಾನು ನಿಯಮದಂತೆಯೇ ನಡೆದಿದ್ದೆ. ಯಾವ ಲೆಕ್ಕ ಪರಿಶೋಧಕರೂ ಅದರಲ್ಲಿ ದೋಷ ಹುಡುಕಲಾರರು. ಆದರೆ ಜುಂಜಿ ಇಟೊ ಅವರ ಸಾವಿರ ಶಾರ್ಕುಗಳಿಗಿಂತ ಆ ಒಂದು ಅರ್ಜಿಯೇ ನನ್ನ ನಿದ್ದೆಯನ್ನು ಹೆಚ್ಚು ಕೆಡಿಸಿದೆ.

ಈ ವಸ್ತುವನ್ನು ಸಮರ್ಥವಾಗಿ ನಿರ್ವಹಿಸಿದವರು ನಮ್ಮಲ್ಲಿ ಇದ್ದರು. ಸಾಗರದಲ್ಲೇ ಬದುಕಿ 2025ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದವರು. ಸರ್ಕಾರದ ಒಳಗಿದ್ದೇ ಅವರು 'ಮುಳುಗಡೆ', 'ದ್ವೀಪ' ಬರೆದರು. ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿಯವರು 'ದ್ವೀಪ'ವನ್ನು ಚಲನಚಿತ್ರವಾಗಿಸಿದರು. ಅದು ರಾಷ್ಟ್ರಪ್ರಶಸ್ತಿ ಪಡೆಯಿತು. ಅಲ್ಲಿ ಇರುವುದು ಒಂದು ಮನೆ, ಕೆಲವೇ ಜನ, ಏರುತ್ತಿರುವ ನೀರು. ದೆವ್ವವಿಲ್ಲ, ಹೆಣಗಳ ರಾಶಿಯಿಲ್ಲ. ಆದರೂ ಮಳೆಯ ಸದ್ದು ಕೇಳಿದೊಡನೆ ನಮ್ಮ ಎದೆ ಬಡಿದುಕೊಳ್ಳುತ್ತದೆ. ಏಕೆಂದರೆ ಆ ಮನೆಯ ಅಂಗಳ ನಮಗೆ ಪರಿಚಿತವಾಗಿದೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ನಾವು ಅವರೊಂದಿಗೆ ಎಣಿಸುತ್ತೇವೆ. 'ಗ್ಯೊ' ಕಳೆದುಕೊಂಡದ್ದು ಈ ಎಣಿಕೆಯನ್ನೇ.

'ಗ್ಯೊ' ಧಾರಾವಾಹಿ ಮುಗಿದ 2002ರಲ್ಲೇ, ಆಗಸ್ಟ್ ತಿಂಗಳಲ್ಲಿ, ಟೋಕಿಯೊದ ಜಿಲ್ಲಾ ನ್ಯಾಯಾಲಯ ಒಂದು ತೀರ್ಪು ನೀಡಿತು. ಯುದ್ಧಕಾಲದಲ್ಲಿ ಜಪಾನಿನ ಸೇನೆ ಚೀನಾದಲ್ಲಿ ರೋಗಾಣು ಅಸ್ತ್ರಗಳನ್ನು ಬಳಸಿದ್ದು ನಿಜವೆಂದು ಅದು ಒಪ್ಪಿಕೊಂಡಿತು. ಆದರೆ ಸಂತ್ರಸ್ತರ ಪರಿಹಾರದ ಬೇಡಿಕೆಯನ್ನು ತಳ್ಳಿಹಾಕಿತು. ನಡೆದದ್ದು ಹೌದು, ಕೊಡಬೇಕಾದ್ದು ಏನೂ ಇಲ್ಲ. ಯುದ್ಧವನ್ನೂ ಅಣೆಕಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ನನ್ನದಲ್ಲ. ಆದರೆ ಕಚೇರಿಯ ಕುರ್ಚಿಯಲ್ಲಿ ಕುಳಿತವನಿಗೆ ಆ ಧಾಟಿ ಪರಿಚಿತ. ಶರಾವತಿ ಮುಳುಗಡೆ ಸಂತ್ರಸ್ತರ ಭೂಹಕ್ಕಿನ ಪ್ರಶ್ನೆ ಅರವತ್ತು ವರ್ಷಗಳ ಬಳಿಕವೂ ಪೂರ್ತಿ ಬಗೆಹರಿದಿಲ್ಲ ಎಂಬುದನ್ನು ಓದುಗರು ಬಲ್ಲರು.

ಶಿಬಿರದಿಂದ ಮರಳಿದ ಮೇಲೆ ತಂಗಿಯ ಮಗನಿಗೆ ಪುಸ್ತಕ ಹಿಂದಿರುಗಿಸಿದೆ. ಹೇಗಿತ್ತೆಂದು ಕೇಳಿದ. ಮೊದಲ ನಾಲ್ಕು ಅಧ್ಯಾಯಗಳಿಗೆ ಪೂರ್ಣ ಅಂಕ, ಉಳಿದದ್ದಕ್ಕೆ ಕೃಪಾಂಕವೂ ಇಲ್ಲ ಎಂದೆ. ಅವನಿಗೆ ಕೋಪ ಬಂತು. ಅದು ಒಳ್ಳೆಯ ಲಕ್ಷಣ. ಅವನೂ ಅವನ ಗೆಳೆಯರೂ ಚಿತ್ರ ಬಿಡಿಸುತ್ತಾರಂತೆ. ಕನ್ನಡದಲ್ಲೇ ಒಂದು ಭಯಾನಕ ಕಥೆ ಮಾಡುವ ಆಸೆಯಿದೆಯಂತೆ. ಬೇಚರಾಕ್ ಗ್ರಾಮ ಎಂಬ ಪದದ ಅರ್ಥವನ್ನು ಅವನಿಗೆ ಹೇಳಿದೆ. ಆ ರೈತರ ಅರ್ಜಿಯ ಸಂಗತಿಯನ್ನೂ, ನಾನು ಮಾಡಿದ್ದನ್ನೂ ಬಿಡದೆ ಹೇಳಿದೆ. ಅವನು ತಕ್ಷಣ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ಆ ಊರಿನ ಹೆಸರೇನು ಮಾವ?" ಎಂದು ಕೇಳಿದ. ನೆನಪಿಸಿಕೊಳ್ಳಲು ಯತ್ನಿಸಿದೆ. ಬರಲಿಲ್ಲ.