ಹಾಡಿನೊಳಗಿನ ಕೊಲೆ, ಕೋರ್ಟಿನೊಳಗಿನ ಕೊಲೆ

ಗದಗ ಪಕ್ಕದ ಕಳಸಾಪುರದಿಂದ ಹಿರಿಯರೊಬ್ಬರು ಫೋನ್ ಮಾಡಿದ್ದರು. ‘ತಮ್ಮಾ, ನಮ್ಮ ಮೊಮ್ಮಗ ಮೂರೂ ಹೊತ್ತು ಕಿವ್ಯಾಗ ಅದೇನೋ ಇಂಗ್ಲೀಷ್ ಹಾಡು ಹಾಕ್ಕೊಂಡ್ ಕುಂದರ್ತಾನ. ಹಾಡಿನ ಹೆಸರಾಗ ಕೊಲಿ ಐತಂತ, ಹಾಡಿದಾತನ ಮ್ಯಾಲೂ ಕೊಲಿ ಕೇಸ್ ಇತ್ತಂತ. ಕೊಲಿ ಮಾಡಿದಾತ ಅದನ್ನ ಹಾಡಿ ರೊಕ್ಕಾ ಮಾಡ್ಕೋತಾನೇನು? ಇದನ್ನ ನೋಡಬೇಕೋ ಬ್ಯಾಡೋ ನೀವ ಹೇಳ್ರಿ.’ ಪ್ರಶ್ನೆ ನೇರವಾಗಿದೆ. ಉತ್ತರ ಅಷ್ಟು ನೇರ ಇಲ್ಲ.

ಅವರು ಹೇಳಿದ ಹಾಡು ‘ಮರ್ಡರ್ ವಾಸ್ ದ ಕೇಸ್’. ಅಮೆರಿಕದ ಸ್ನೂಪ್ ಡಾಗ್‌ನದ್ದು. ಅದೇ ಹೆಸರಲ್ಲಿ 1994ರಲ್ಲಿ ಸುಮಾರು 18 ನಿಮಿಷದ ಕಿರುಚಿತ್ರ ಬಂತು, ಜೊತೆಗೊಂದು ಆಲ್ಬಂ ಬಂತು. ಚಿತ್ರದ ನಿರ್ದೇಶನದಲ್ಲಿ ಇದ್ದವನು ಸಂಗೀತಗಾರ ಡಾಕ್ಟರ್ ಡ್ರೆ. ಹೆಸರಲ್ಲಿ ಮಾತ್ರ ಡಾಕ್ಟರ್, ನಾಡಿ ನೋಡುವವನಲ್ಲ. ಬಿಡುಗಡೆ ಮಾಡಿದ ಕಂಪನಿಯ ಹೆಸರು ಡೆತ್ ರೋ. ಅಂದರೆ ಗಲ್ಲು ಶಿಕ್ಷೆಯ ಕೈದಿಗಳ ಸಾಲು. ಹೆಸರಿಡುವಾಗಲೇ ಅವರಿಗೆ ಮಾರುಕಟ್ಟೆ ಗೊತ್ತಿತ್ತು.

ಈಗ ತಾರೀಖುಗಳನ್ನು ಸ್ವಲ್ಪ ಗಮನ ಕೊಟ್ಟು ನೋಡಿ. ಇಡೀ ಗೊಂದಲ ಇರುವುದೇ ಅಲ್ಲಿ.

1993ರ ಆಗಸ್ಟ್ 25ರಂದು ಲಾಸ್ ಏಂಜಲೀಸ್‌ನಲ್ಲಿ 20 ವರ್ಷದ ಯುವಕನೊಬ್ಬ ಗುಂಡೇಟಿಗೆ ಸತ್ತ. ಗುಂಡು ಹಾರಿಸಿದವನು ಸ್ನೂಪ್‌ನ ಅಂಗರಕ್ಷಕ. ಸ್ನೂಪ್ ಆಗ ಅದೇ ಜೀಪಿನಲ್ಲಿದ್ದ, ಅವನಿಗಿನ್ನೂ 21 ವರ್ಷ. ಇಬ್ಬರ ಮೇಲೂ ಕೊಲೆ ಆರೋಪ ಬಂತು. ನಾವು ಆತ್ಮರಕ್ಷಣೆಗೆ ಹೊಡೆದದ್ದು ಅನ್ನೋದು ಅವರ ವಾದ. ನವೆಂಬರ್ 23ಕ್ಕೆ ಅವನ ಮೊದಲ ಆಲ್ಬಂ ‘ಡಾಗಿಸ್ಟೈಲ್’ ಹೊರಗೆ ಬಂತು. ಈ ಹಾಡು ಮೊದಲು ಬಂದದ್ದು ಅದರಲ್ಲಿ. ಮುಂದಿನ ವರ್ಷ, 1994ರ ಅಕ್ಟೋಬರ್ 18ಕ್ಕೆ, ಹಾಡಿನ ರೀಮಿಕ್ಸ್ ಇಟ್ಟುಕೊಂಡು ಚಿತ್ರದ ಆಲ್ಬಂ ಬಂತು. ತೀರ್ಪು ಬಂದದ್ದು ಯಾವಾಗ? 1996ರ ಫೆಬ್ರವರಿ 20ಕ್ಕೆ. ಕೊಲೆ ಆರೋಪದಿಂದ ಇಬ್ಬರೂ ಖುಲಾಸೆ.

ಅಂದರೆ ಕೇಸು ಕೋರ್ಟಿನಲ್ಲಿ ಇರುವಾಗಲೇ ‘ಆರೋಪ ಕೊಲೆಯದ್ದು’ ಅನ್ನೋ ಅರ್ಥದ ಹೆಸರಿಟ್ಟು ಸಿನಿಮಾ ಮಾಡಿದರು, ಕ್ಯಾಸೆಟ್ ಮಾರಿದರು. ಕೊಂಡವರೆಲ್ಲ, ಇದು ಅವನದ್ದೇ ಕೇಸಿನ ಕಥೆ ಅಂದುಕೊಂಡರು.

ಅಲ್ಲ. ಹಾಡಿನ ಕಥೆಯಲ್ಲಿ ಅವನು ಕೊಲ್ಲುವವನಲ್ಲ, ಗುಂಡು ತಿಂದು ಬೀಳುವವನು. ಸಾವು ಬದುಕಿನ ನಡುವೆ ಮಲಗಿದ್ದಾಗ ಒಂದು ದನಿ ಬಂದು ವ್ಯವಹಾರಕ್ಕೆ ಕೂರುತ್ತದೆ: ನಿನಗೆ ಜೀವ ಬೇಕೇನು, ನನಗೆ ಏನು ಕೊಡ್ತಿ? ಜೀವ ಸಿಗುತ್ತದೆ, ರೊಕ್ಕ ಬರುತ್ತದೆ, ಕಾರು ಬರುತ್ತದೆ. ಮಾತು ಮರೆಯುತ್ತಾನೆ, ಕೊನೆಗೆ ಜೈಲು ಸೇರುತ್ತಾನೆ. ನಮ್ಮ ಮಾರ್ಕಂಡೇಯನ ಕಥೆಯನ್ನು ಉಲ್ಟಾ ಮಾಡಿದಂತೆ. ಅಲ್ಲಿ ಹುಡುಗ ಲಿಂಗ ತಬ್ಬಿಕೊಂಡ, ಇಲ್ಲಿ ಹುಡುಗ ತಬ್ಬಿಕೊಂಡದ್ದು ಬೇರೆ ಯಾರನ್ನೋ. ಹಳೆಯ ನೀತಿಕಥೆಯೇ, ಭಾಷೆ ಮಾತ್ರ ಬೀದಿಯದ್ದು, ಬೈಗುಳ ಕೂಡ ಬೀದಿಯದ್ದೇ.

ಸಂಗೀತದ ಬಗ್ಗೆ ಎರಡು ಮಾತು ಹೇಳಲೇಬೇಕು. ಎಂಜಿನಿಯರಿಂಗ್ ಓದಿದವನು ನಾನು, ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಡ್ರೆ ರೂಢಿಗೆ ತಂದ ಈ ಶೈಲಿಗೆ ಜಿ-ಫಂಕ್ ಅಂತಾರೆ. 1970ರ ದಶಕದ ಫಂಕ್ ಸಂಗೀತದ, ಅದರಲ್ಲೂ ಜಾರ್ಜ್ ಕ್ಲಿಂಟನ್‌ನ ತಂಡಗಳ ತುಣುಕುಗಳು ಅದರ ಬುನಾದಿ. ಕೆಳಗೆ ನೆಲ ನಡುಗಿಸುವ ಬೇಸ್. ಮೇಲೆ ಸಿಂಥಸೈಜರಿನ ಒಂದೇ ಒಂದು ತೆಳು ಎಳೆ, ಶಿಳ್ಳೆ ಹೊಡೆದ ಹಾಗೆ. ಸ್ವರದಿಂದ ಸ್ವರಕ್ಕೆ ಹಾರುವುದಿಲ್ಲ, ಜಾರುತ್ತದೆ. ಗದಗಿನ ಪುಣ್ಯಾಶ್ರಮದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಾವು ಮೀಂಡ್ ಅನ್ನುತ್ತೇವಲ್ಲ, ಆ ಜಾತಿಯದ್ದು. ನಡುವಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿಯಲ್ಲಿ ಸ್ನೂಪ್‌ನ ನಿದ್ದೆಗಣ್ಣಿನ ದನಿ ಬಂದು ಕೂರುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಕೇಳಿದರೆ ಅರ್ಧ ಹಾಡೇ ಇರುವುದಿಲ್ಲ, ಅಷ್ಟು ಸಣ್ಣ ಸ್ಪೀಕರಿಗೆ ಕೆಳಗಿನ ಬೇಸ್ ಹೊರಡಿಸುವ ತಾಕತ್ತಿಲ್ಲ. ಅದಕ್ಕೇ ಮೊಮ್ಮಗ ಕಿವಿಗೆ ಸಿಕ್ಕಿಸಿಕೊಂಡು ಕೂರುವುದು. ಎದುರಾಳಿ ಸಿಟ್ಟಿನಿಂದ ಚೀರಿದರೆ ಹೆದರಿಕೆ ಕಡಿಮೆ. ತಣ್ಣಗೆ, ಆರಾಮಾಗಿ ಹೇಳಿದರೆ ಎದೆ ಝಲ್ ಅನ್ನುತ್ತದೆ. ಈ ಹಾಡುಗಳ ಗುಟ್ಟು ಅದು.

ಆಲ್ಬಂ ಬಂದ ಮೊದಲ ವಾರವೇ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ನಂಬರ್. ಮುಂದೆ ಡಬಲ್ ಪ್ಲಾಟಿನಂ ಆಯಿತು, ಅಂದರೆ ಅಮೆರಿಕದೊಳಗೇ 20 ಲಕ್ಷ ಪ್ರತಿ. ತಮಾಷೆ ಏನು ಗೊತ್ತಾ? ಚಿತ್ರ 18 ನಿಮಿಷ, ಆಲ್ಬಂ ಒಂದು ಗಂಟೆಗೂ ಮಿಕ್ಕಿದ್ದು. ಒಳಗಿನ ಬಹುತೇಕ ಹಾಡುಗಳಿಗೂ ಚಿತ್ರದ ಕಥೆಗೂ ಸಂಬಂಧ ಇಲ್ಲ. ಹಿಂದೆ ಹಾಡಿನಲ್ಲೇ ಕಿತ್ತಾಡಿಕೊಂಡಿದ್ದ ಡ್ರೆ ಮತ್ತು ಐಸ್ ಕ್ಯೂಬ್ ಇಲ್ಲಿ ಒಟ್ಟಿಗೆ ಹಾಡಿದ್ದಾರೆ, ಅದೇ ದೊಡ್ಡ ಆಕರ್ಷಣೆ. ನಮ್ಮಲ್ಲಿ ಸಿನಿಮಾ ಮಾರಲು ಹಾಡು ಮೊದಲು ಬಿಡುತ್ತಾರೆ. ಡೆತ್ ರೋದವರು ಹಾಡು ಮಾರಲು ಸಿನಿಮಾ ಮಾಡಿದರು. ಆ ಸಿನಿಮಾ ಮಾರಲು ಕೋರ್ಟಿನಲ್ಲಿದ್ದ ಕೇಸೇ ಪುಕ್ಕಟೆ ಜಾಹೀರಾತಾಯಿತು.

ಸರಿ, ಇದು ಅಮೆರಿಕದ ಹೊಸ ರೋಗವೇ? ನಮ್ಮ ಕಡೆ ನೋಡಿ. ಸಂಗ್ಯಾ ಬಾಳ್ಯಾ ಸಣ್ಣಾಟ ಗೊತ್ತಿಲ್ಲದವರು ಉತ್ತರ ಕರ್ನಾಟಕದಲ್ಲಿ ಯಾರಿದ್ದಾರೆ? ಬೈಲಹೊಂಗಲದಲ್ಲಿ ನಡೆದದ್ದು ಅಂತ ಜನ ಹೇಳುವ ಕೊಲೆಯ ಕಥೆ ಅದು. ಪರರ ಹೆಂಡತಿಯ ಮೋಹ, ಗೆಳೆಯನ ದ್ರೋಹ, ಕೊನೆಗೆ ಹೆಣ. ಹಳ್ಳಿ ಹಳ್ಳಿಯಲ್ಲಿ ರಾತ್ರಿಯಿಡೀ ಆಡಿದರು, ಚಂದ್ರಶೇಖರ ಕಂಬಾರರು ಅದನ್ನು ಆಧುನಿಕ ರಂಗಭೂಮಿಗೂ ತಂದರು. ಇನ್ನು ನಮ್ಮದೇ ಜಿಲ್ಲೆಯ ನರಗುಂದ, 1858. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ರುಂಡ ನರಗುಂದದ ಅಗಸಿ ಬಾಗಿಲಿಗೆ ತೂಗುಬಿದ್ದ ಸಂಗತಿಯನ್ನು ನಮ್ಮ ಹಿರಿಯರು ಮಕ್ಕಳಿಗೆ ಹೇಳುವಾಗ ದನಿ ತಗ್ಗಿಸುವುದಿಲ್ಲ, ಏರಿಸುತ್ತಾರೆ. ಅದೇ ಹೊತ್ತಿಗೆ ದಂಗೆ ಎದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಸತ್ತ. ಸರ್ಕಾರಿ ಕಾಗದದಲ್ಲಿ ಬಂಡುಕೋರ, ಜನರ ಬಾಯಲ್ಲಿ ವೀರ. ಹಲಗಲಿ ಬೇಡರ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ.

ಸ್ನೂಪ್‌ನನ್ನು ಮುಂಡರಗಿ ಭೀಮರಾಯನ ಸಾಲಿಗೆ ಸೇರಿಸ್ತಿದ್ದೀನಿ ಅಂತ ಯಾರೂ ಫೋನ್ ಮಾಡಬೇಡಿ. ಹೇಳುವುದು ಇಷ್ಟೇ: ರಕ್ತ ಇರುವ ಹಾಡು ನಮಗೂ ಹೊಸದಲ್ಲ. ಹರದೇಶಿ, ನಾಗೇಶಿ ಮೇಳಗಳು ಎದುರುಬದುರು ನಿಂತು ಒಬ್ಬರ ಮಾನ ಒಬ್ಬರು ಕಳೆಯುವ ಸವಾಲ್–ಜವಾಬ್ ಕೇಳಿದವರಿಗೆ ರ‍್ಯಾಪ್ ಬ್ಯಾಟಲ್ ಅಂದರೇನು ಅಂತ ಬೇರೆ ವಿವರಣೆ ಬೇಡ.

ಆದರೆ ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಸಣ್ಣಾಟದಲ್ಲಿ ಸಂಗ್ಯಾನ ಪಾತ್ರ ಹಾಕಿದವನು ಬೆಳಗ್ಗೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ಊರಿನವರು ಅವನನ್ನು ಸಂಗ್ಯಾ ಅನ್ನುವುದಿಲ್ಲ. ಗ್ಯಾಂಗ್‌ಸ್ಟಾ ರ‍್ಯಾಪ್‌ನಲ್ಲಿ ಹಾಡುವವನು ‘ನಾನು’ ಅನ್ನುತ್ತಾನೆ, ಹಾಡು ಮುಗಿದ ಮೇಲೂ ಬಣ್ಣ ತೊಳೆಯುವುದಿಲ್ಲ. ತೊಳೆಯಲು ಕಂಪನಿ ಬಿಡುವುದಿಲ್ಲ. ಹೌದು, ಇದೆಲ್ಲ ನಿಜ ಅಂತ ಕೇಳುಗ ನಂಬಬೇಕು, ಆಗಲೇ ಮಾರಾಟ. 1995ರಲ್ಲಿ ನಮ್ಮ ಉಪೇಂದ್ರ ‘ಓಂ’ ಮಾಡಿದಾಗ ನಿಜವಾದ ರೌಡಿಗಳೇ ತೆರೆಯ ಮೇಲೆ ಬಂದರು, ಜನ ಮುಗಿಬಿದ್ದು ನೋಡಿದರು. ಅದೂ ಇದೇ ಆಸೆ. ರಾತ್ರಿ ಹತ್ತು ಗಂಟೆಗೆ ಟಿವಿಯಲ್ಲಿ ಬರುವ ಕ್ರೈಂ ಕಾರ್ಯಕ್ರಮಗಳಲ್ಲಿ ಮಚ್ಚಿನ ಸದ್ದಿಗೆ ಹಿನ್ನೆಲೆ ಸಂಗೀತ ಹಾಕುವುದೂ ಇದೇ ಲೆಕ್ಕಾಚಾರ.

ಹೀಗೆ ಗೆರೆ ಅಳಿಸಿದವರಿಗೆ ಆ ಗೆರೆಯೇ ಬೇಕಾಗುವ ದಿನ ಬರುತ್ತದೆ. ಡೆತ್ ರೋದ ದೊಡ್ಡ ತಾರೆ ಟುಪಾಕ್ ಶಕೂರ್ 1996ರ ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಗುಂಡೇಟು ತಿಂದು, ಆರು ದಿನಕ್ಕೆ ತೀರಿಕೊಂಡ. ವಯಸ್ಸು 25. ಆ ಕಾರು ಓಡಿಸುತ್ತಿದ್ದವನು ಕಂಪನಿಯ ಮಾಲೀಕ ಸೂಜ್ ನೈಟ್. ಆ ಮಾಲೀಕನಿಗೆ ಬೇರೊಂದು ಪ್ರಕರಣದಲ್ಲಿ 2018ರಲ್ಲಿ 28 ವರ್ಷ ಜೈಲಾಯಿತು. ನಮ್ಮ ದೇಶದಲ್ಲೂ ನೋಡಿದ್ದೇವೆ. ಪಂಜಾಬಿನ ಸಿಧು ಮೂಸೆವಾಲಾ ಬಂದೂಕಿನ ಹಾಡುಗಳಿಂದ ಹೆಸರಾದವನು, 2020ರಲ್ಲಿ ಕೇಸುಗಳನ್ನೂ ಎದುರಿಸಿದವನು. 2022ರ ಮೇ 29ರಂದು ಹಾಡಹಗಲಲ್ಲಿ ಗುಂಡಿಗೆ ಬಲಿಯಾದ. ಹಾಡಿದ್ದಕ್ಕೇ ಸತ್ತರು ಅಂತ ನಾನು ಹೇಳಲ್ಲ. ಗ್ಯಾಂಗುಗಳು ಹಾಡಿಗಿಂತ ಮೊದಲೇ ಇದ್ದವು, ಬಂದೂಕೂ ಇತ್ತು.

ಕೋರ್ಟಿನ ಕಡೆ ಬಂದರೆ ಇನ್ನೊಂದು ಸಮಸ್ಯೆ. ಅಮೆರಿಕದಲ್ಲಿ ಪ್ರಾಸಿಕ್ಯೂಟರುಗಳು ರ‍್ಯಾಪ್ ಸಾಹಿತ್ಯವನ್ನೇ ಸಾಕ್ಷಿ ಅಂತ ಜ್ಯೂರಿ ಮುಂದೆ ಓದುವ ಪರಿಪಾಠ ಬೆಳೆಯಿತು. ಸಿಕ್ಕಿಬಿದ್ದವರು ಸ್ನೂಪ್‌ನಂತೆ ದೊಡ್ಡ ವಕೀಲರನ್ನು ಇಟ್ಟುಕೊಳ್ಳಬಲ್ಲ ತಾರೆಗಳಷ್ಟೇ ಅಲ್ಲ, ಓಣಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಪ್ರಾಸ ಬರೆದ ಬಡ ಕಪ್ಪು ಹುಡುಗರೂ ಹೌದು. ಕೊಲೆಯ ಕಾದಂಬರಿ ಬರೆದವನಿಗೆ ಪ್ರಶಸ್ತಿ, ಕೊಲೆಯ ಪ್ರಾಸ ಕಟ್ಟಿದವನಿಗೆ ಕಟಕಟೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾ 2022ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಕಾನೂನು ತಂದಿತು. ಹಾಡನ್ನು ಸಾಕ್ಷಿಯಾಗಿ ತರಬೇಕಾದರೆ ಮೊದಲು ಜ್ಯೂರಿ ಇಲ್ಲದಾಗ ನ್ಯಾಯಾಧೀಶರ ಮುಂದೆ ವಾದ ಆಗಬೇಕು, ಆ ಹಾಡು ಪೂರ್ವಗ್ರಹ ಹುಟ್ಟಿಸುತ್ತದೋ ಇಲ್ಲವೋ ತೂಗಬೇಕು. ಜಾರ್ಜಿಯಾದಲ್ಲಿ ಯಂಗ್ ಥಗ್ ಎಂಬ ಗಾಯಕನ ವಿಚಾರಣೆಯಲ್ಲಿ ಮಾತ್ರ 2023ರಲ್ಲಿ ನ್ಯಾಯಾಧೀಶರು ಹಾಡಿನ ಕೆಲವು ಸಾಲುಗಳಿಗೆ ಒಪ್ಪಿಗೆ ಕೊಟ್ಟರು. ನಮ್ಮಲ್ಲಿ ಹಾಡಿಗೆಂದೇ ಇಂಥ ಪ್ರತ್ಯೇಕ ಕಾನೂನಿಲ್ಲ. 2019ರಲ್ಲಿ ಪಂಜಾಬ್–ಹರಿಯಾಣ ಹೈಕೋರ್ಟು ಮದ್ಯ, ಡ್ರಗ್ಸ್, ಹಿಂಸೆ ವೈಭವೀಕರಿಸುವ ಹಾಡುಗಳು ಕಾರ್ಯಕ್ರಮಗಳಲ್ಲಿ ಮೊಳಗದಂತೆ ನೋಡಿಕೊಳ್ಳಿ ಅಂತ ಪೊಲೀಸರಿಗೆ ಹೇಳಿತ್ತು.

ಹಾಗಾದರೆ ಮೊಮ್ಮಗ ಇದನ್ನು ಕೇಳಬೇಕೋ ಬೇಡವೋ? ಹತ್ತು ವರ್ಷದವನಾದರೆ ಬೇಡ. ಭಾಷೆ ಕೊಳಕು, ಹೆಣ್ಣಿನ ಬಗ್ಗೆ ಆ ಕಂಪನಿಯ ಬಹಳಷ್ಟು ಹಾಡುಗಳು ಆಡುವ ಮಾತು ನಾನು ಇಲ್ಲಿ ಬರೆಯಲಾರದಷ್ಟು ಕೀಳು. ಅಲ್ಲಿಯ ಆಲ್ಬಂಗಳ ಮೇಲೆ ಪಾಲಕರಿಗೆ ಎಚ್ಚರಿಕೆಯ ಕಪ್ಪು ಬಿಳುಪು ಚೀಟಿ ಅಂಟಿಸುವುದು ಸುಮ್ಮನೆ ಅಲ್ಲ. ಕಾಲೇಜಿಗೆ ಹೋಗುವವನಾದರೆ ಕಸಿದುಕೊಂಡು ಪ್ರಯೋಜನ ಇಲ್ಲ, ಹಾಡಿನ ಕಥೆ ಏನಪ್ಪಾ ಅಂತ ಕೇಳಿ. ಆ ದನಿ ಏನು ಕೊಡ್ತು, ಏನು ಕಿತ್ತುಕೊಂಡಿತು ಅಂತ ಅವನೇ ಹೇಳಲಿ. 1993ರಲ್ಲಿ ನಿಜವಾಗಿ ಸತ್ತ ಆ 20 ವರ್ಷದ ಹುಡುಗನ ಬಗ್ಗೆಯೂ ಕೇಳಿ. ಸ್ನೂಪ್‌ನ ಅಭಿಮಾನಿಗಳಲ್ಲಿ ಹೆಚ್ಚಿನವರಿಗೆ ಅವನ ಹೆಸರು ಬರುವುದಿಲ್ಲ. ಸ್ನೂಪ್ 2022ರಲ್ಲಿ ಡೆತ್ ರೋ ಕಂಪನಿಯ ಹೆಸರನ್ನೇ ಕೊಂಡುಕೊಂಡ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಜ್ಯೋತಿ ಹಿಡಿದು ಓಡಿದ, ಜಗತ್ತು ಚಪ್ಪಾಳೆ ತಟ್ಟಿತು.