ಅತಿವೃಷ್ಟಿಯೂ ಈರುಳ್ಳಿಯ ಹಸಿವೂ

ಬೆಂಗಳೂರಿನ ದಕ್ಷಿಣ ಭಾಗದ ಪುಟ್ಟೇನಹಳ್ಳಿಯು ಇಂದು ಹೆಸರಿನಲ್ಲಿ ಮಾತ್ರ ಹಳ್ಳಿ. ಹೊಲಗಳಿದ್ದೆಡೆ ಮನೆಗಳೆದ್ದಿವೆ, ಕೆರೆಯೊಂದು ಉಳಿದುಕೊಂಡಿದೆ. ಆದರೂ ಅಲ್ಲಿಯ ಅಡುಗೆಮನೆಗಳಿಗೂ ದೂರದ ಹೊಲಗಳಿಗೂ ಇರುವ ನಂಟು ಹರಿದಿಲ್ಲ. ೨೦೧೯ರ ಮಳೆಗಾಲದ ಕೊನೆಯಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಈರುಳ್ಳಿ ಬೆಳೆಯು ಅತಿವೃಷ್ಟಿಯಿಂದ ಬಹಳವಾಗಿ ಹಾನಿಗೊಂಡಿತು. ಆ ಡಿಸೆಂಬರಿನಲ್ಲಿ ಬೆಂಗಳೂರಿನ ಪೇಟೆಯಲ್ಲಿ ಅದರ ಬೆಲೆ ಕಿಲೋಗ್ರಾಮಿಗೆ ೧೦೦ ರೂಪಾಯಿಗಳನ್ನು ಮೀರಿತು. ಮಳೆ ಹೆಚ್ಚಾದರೆ ಗಡ್ಡೆ ಕೊಳೆಯುವುದೆಂದು ಎಲ್ಲರೂ ಬಲ್ಲರು. ಆದರೆ ಕೊಳೆಯುವುದಕ್ಕೆ ಮುಂಚೆಯೇ ಗಿಡವು ಹಸಿವಿನಿಂದ ಬಳಲತೊಡಗುತ್ತದೆಂಬುದನ್ನು ಬಲ್ಲವರು ವಿರಳ. ನೀರಿನ ನಡುವೆ ನಿಂತ ಗಿಡಕ್ಕೆ ಹಸಿವೆಲ್ಲಿಯದು?

ಇದನ್ನು ತಿಳಿಯಲು ಜೀವಿಗಳ ಶರೀರವು ಯಾವುದರಿಂದಾದುದೆಂದು ಮೊದಲು ನೋಡಬೇಕು. ಮಾನವ ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೬೫ ಪಾಲು ಆಮ್ಲಜನಕ, ೧೮ ಪಾಲು ಇಂಗಾಲ, ೧೦ ಪಾಲು ಜಲಜನಕ, ೩ ಪಾಲು ಸಾರಜನಕ. ಕ್ಯಾಲ್ಸಿಯಂ, ರಂಜಕ, ಗಂಧಕ, ಕಬ್ಬಿಣ ಮೊದಲಾದುವೆಲ್ಲ ಉಳಿದ ೪ ಪಾಲಿನಲ್ಲಿ ಅಡಗಿವೆ. ಆದರೆ ಅಲ್ಪವಾದುದೆಲ್ಲ ಅನವಶ್ಯಕವಲ್ಲ. ಸಸ್ಯಗಳ ವಿಷಯದಲ್ಲಿ ಅವಶ್ಯಕ ಮೂಲವಸ್ತುವೆಂದರೆ ಯಾವುದೆಂಬುದಕ್ಕೆ ಆರ್ನನ್ ಮತ್ತು ಸ್ಟೌಟ್ ಎಂಬ ವಿಜ್ಞಾನಿಗಳು ೧೯೩೯ರಲ್ಲಿ ಮೂರು ನಿಬಂಧನೆಗಳನ್ನು ಕೊಟ್ಟರು: ಅದಿಲ್ಲದೆ ಸಸ್ಯವು ತನ್ನ ಜೀವನಚಕ್ರವನ್ನು ಪೂರೈಸಲಾಗದು, ಬೇರೊಂದು ವಸ್ತು ಅದರ ಸ್ಥಾನವನ್ನು ತುಂಬಲಾರದು, ಸಸ್ಯದ ಪೋಷಣೆಯಲ್ಲಿ ಅದಕ್ಕೆ ನೇರವಾದ ಪಾತ್ರವಿರಬೇಕು. ಸಸ್ಯಗಳಿಗೆ ಅವಶ್ಯಕವಾದುವು ೧೭ ಎಂದು ಇಂದಿನ ಎಣಿಕೆ.

ಇವುಗಳಲ್ಲಿ ಈರುಳ್ಳಿಗೆ ತನ್ನತನವನ್ನು ಕೊಟ್ಟುದು ಗಂಧಕ. ಗಡ್ಡೆಯನ್ನು ಹೆಚ್ಚುವಾಗ ಜೀವಕೋಶಗಳು ಒಡೆದು, ಗಂಧಕದ ಸಂಯುಕ್ತಗಳೂ ಅವುಗಳಿಂದ ಬೇರೆಯಾಗಿದ್ದ ಕಿಣ್ವಗಳೂ ಒಂದುಗೂಡುತ್ತವೆ. ಆಗ ಹುಟ್ಟುವ ಆವಿಯೇ ನಮ್ಮ ಕಣ್ಣೀರಿಗೆ ಕಾರಣ. ಮಣ್ಣಿನಲ್ಲಿ ಗಂಧಕ ಕಡಮೆಯಾದರೆ ಖಾರವೂ ಕುಗ್ಗುತ್ತದೆ. ಅಮೆರಿಕದ ಜಾರ್ಜಿಯ ಸಂಸ್ಥಾನದ ವಿಡೇಲಿಯ ಈರುಳ್ಳಿಯು ಸಿಹಿಯಾಗಿರುವುದಕ್ಕೆ ಅಲ್ಲಿಯ ಮರಳುಮಣ್ಣಿನ ಗಂಧಕದ ಕೊರತೆಯೂ ಒಂದು ಕಾರಣ.

ಇನ್ನು ಮಳೆಯ ಕೆಲಸವನ್ನು ನೋಡೋಣ. ಮಣ್ಣಿನ ಜೇಡಿಕಣಗಳು ಋಣವಿದ್ಯುತ್ತನ್ನು ಹೊತ್ತಿರುತ್ತವೆ. ಧನವಿದ್ಯುತ್ತುಳ್ಳ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಅವು ಹಿಡಿದಿಟ್ಟುಕೊಳ್ಳಬಲ್ಲವು. ಸಾರಜನಕವು ನೈಟ್ರೇಟಿನ ರೂಪದಲ್ಲಿಯೂ ಗಂಧಕವು ಸಲ್ಫೇಟಿನ ರೂಪದಲ್ಲಿಯೂ ಬೇರಿಗೆ ದೊರೆಯುತ್ತವೆ, ಇವೆರಡೂ ಋಣವಿದ್ಯುತ್ತುಳ್ಳವು. ಅವುಗಳಿಗೆ ಜೇಡಿಯ ಆಸರೆಯಿಲ್ಲ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳ ಮರಳು ಬೆರೆತ ಕೆಂಪುಮಣ್ಣಿನಲ್ಲಿ ಜೋರುಮಳೆ ಸುರಿದರೆ, ನೈಟ್ರೇಟು ನೀರಿನೊಡನೆ ಕೆಳಕ್ಕಿಳಿಯುತ್ತದೆ. ಸಲ್ಫೇಟೂ ಸ್ವಲ್ಪಮಟ್ಟಿಗೆ ಅದನ್ನು ಹಿಂಬಾಲಿಸುತ್ತದೆ. ಈರುಳ್ಳಿಯ ಬೇರುಗಳಾದರೋ ಕವಲು ಕಡಮೆಯಾದುವು. ಬಹುಪಾಲು ಮೇಲಿನ ೩೦ ಸೆಂಟಿಮೀಟರಿನಲ್ಲಿಯೇ ಇರತಕ್ಕವು. ಜಾರಿಹೋದ ಆಹಾರವು ಅವುಗಳಿಗೆ ಎಟುಕದು.

ಗದಗ ಸೀಮೆಯ ಎರೆಮಣ್ಣಿನಲ್ಲಿ ಕಥೆಯೇ ಬೇರೆ. ಅಲ್ಲಿ ನೀರು ಇಳಿಯದೆ ನಿಲ್ಲುತ್ತದೆ. ಮಣ್ಣಿನ ರಂಧ್ರಗಳಲ್ಲಿದ್ದ ಗಾಳಿಯ ಜಾಗವನ್ನು ನೀರು ಆಕ್ರಮಿಸುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ೧೦,೦೦೦ ಪಟ್ಟು ನಿಧಾನವಾಗಿ ಹರಡುತ್ತದೆ. ಬೇರುಗಳಿಗೆ ಉಸಿರು ಕಟ್ಟುತ್ತದೆ. ಉಸಿರಾಟದಿಂದ ದೊರೆಯುವ ಶಕ್ತಿಯಿಲ್ಲದೆ ಅವು ಲವಣಗಳನ್ನು ಹೀರಲಾರವು. ಅಷ್ಟರಲ್ಲಿ ಕೆಲವು ಬ್ಯಾಕ್ಟೀರಿಯಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಂಡು ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಕೆಂಪುಮಣ್ಣಿನಲ್ಲಿ ಊಟವೇ ಕೊಚ್ಚಿಹೋಯಿತು. ಎರೆಮಣ್ಣಿನಲ್ಲಿ ಉಣ್ಣುವ ಬಾಯಿಯೇ ಕಟ್ಟಿತು. ಎರಡೆಡೆಯೂ ಫಲ ಒಂದೇ.

ಈ ಹಸಿವು ಎಲೆಗಳಲ್ಲಿ ಕಾಣುತ್ತದೆ. ಸಾರಜನಕ ಸಾಲದಾದಾಗ ಗಿಡವು ಹಳೆಯ ಎಲೆಗಳದನ್ನು ಹೊಸ ಎಲೆಗಳಿಗೆ ಸಾಗಿಸುತ್ತದೆ. ಆದುದರಿಂದ ಮೊದಲು ಹಳದಿಯಾಗುವುದು ಹಳೆಯ ಎಲೆ. ಗಂಧಕವು ಹಾಗೆ ಸುಲಭವಾಗಿ ಸಾಗದು. ಅದರ ಕೊರತೆ ಎಳೆಯ ಎಲೆಯಲ್ಲಿ ಮೊದಲು ತೋರುತ್ತದೆ. ತೇವದಲ್ಲಿ ಬೆಳೆಯುವ ಬೂಷ್ಟಿನಿಂದ ಬರುವ ನೇರಳೆಮಚ್ಚೆ ರೋಗದಲ್ಲಿ ಎಲೆಯ ಮೇಲೆ ಮಚ್ಚೆಗಳು ಏಳುತ್ತವೆ. ಈ ಭೇದವನ್ನರಿಯದ ರೈತನು ಹಸಿದ ಗಿಡಕ್ಕೆ ರೋಗದ ಔಷಧಿಯನ್ನು ಸಿಂಪಡಿಸಿ, ಸಾಲದ ಹಣವನ್ನು ಮಣ್ಣುಪಾಲು ಮಾಡಿಕೊಳ್ಳುವ ಸಂಭವವುಂಟು.

ಪರಿಹಾರವೂ ಕಾರಣದಲ್ಲಿಯೇ ಅಡಗಿದೆ. ಏರುಮಡಿ ಮತ್ತು ಬಸಿಗಾಲುವೆಗಳು ಬೇರಿಗೆ ಗಾಳಿಯನ್ನು ಮರಳಿಸುತ್ತವೆ. ಸಾರಜನಕವನ್ನು ಒಮ್ಮೆಗೇ ಹಾಕದೆ ಎರಡು ಮೂರು ಕಂತುಗಳಲ್ಲಿ ಕೊಟ್ಟರೆ ಒಂದೇ ಮಳೆಗೆ ಎಲ್ಲವೂ ಹೋಗದು. ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕ, ಗಂಧಕಗಳೆರಡೂ ಉಂಟು. ಗಡ್ಡೆ ಬಲಿತ ಮೇಲೆ ಮಾತ್ರ ಸಾರಜನಕವನ್ನು ಕೊಡಬಾರದು. ಕತ್ತು ದಪ್ಪನಾಗಿ, ಒಣಗದೆ, ಗಡ್ಡೆ ದಾಸ್ತಾನಿನಲ್ಲಿ ಕೆಡುತ್ತದೆ.

ಪುಟ್ಟೇನಹಳ್ಳಿಯ ವಾಚಕರು ಮಹಡಿಯ ಮೇಲೆಯೇ ಇದನ್ನು ಪರೀಕ್ಷಿಸಬಹುದು. ಎರಡು ಕುಂಡಗಳಲ್ಲಿ ಈರುಳ್ಳಿಯ ಸಸಿಗಳನ್ನು ನೆಟ್ಟು, ಒಂದರ ತಳದ ರಂಧ್ರವನ್ನು ಮುಚ್ಚಿ, ಎರಡಕ್ಕೂ ಸಮನಾಗಿ ಧಾರಾಳ ನೀರೆರೆಯಿರಿ. ರಂಧ್ರ ಮುಚ್ಚಿದ ಕುಂಡದ ಎಲೆಗಳು ಹಳದಿಗೆ ತಿರುಗತೊಡಗಿದಾಗ, ಮಳೆ ನಿಂತ ಮರುದಿನ ಹೊಲದ ಬದುವಿನ ಮೇಲೆ ನಿಂತ ರೈತನ ಚಿಂತೆಯೇನೆಂಬುದು ಅರ್ಥವಾದೀತು.